ಪಾಳಿಯ ಕಾಳಗ

ಮಕ್ಕಳು ಊಟದ ತಾಟಿನ ಮುಂದೆ ಕುಳಿತಾಗಲೂ ಮೊಬೈಲಿನಲ್ಲಿ ಗುಂಡು ಹಾರಿಸುತ್ತಿರುತ್ತಾರೆ, ಕರೆದರೆ ಓಗೊಡುವುದಿಲ್ಲ, ಕೈಯಿಂದ ಕಸಿದುಕೊಂಡರೆ ಮನೆಯೆಲ್ಲ ರಂಪ. ಕೊಲ್ಹಾಪುರದ ಮಹಡಿ ಮನೆಗಳಲ್ಲಾಗಲಿ, ಇಚಲಕರಂಜಿಯ ಮಗ್ಗದ ಶೆಡ್ಡಿನ ಹಿಂದಿನ ಎರಡು ಕೋಣೆಗಳ ಬಿಡಾರದಲ್ಲಾಗಲಿ, ಗಡಹಿಂಗ್ಲಜದ ಹಳ್ಳಿಗಳಲ್ಲಾಗಲಿ ಈ ದೂರು ಒಂದೇ ತೆರನಾಗಿದೆ. ಯುದ್ಧದ ಆಟವೇ ಮನೆಯೊಳಗೆ ಬೇಡವೆಂದು ಕೆಲವರು ಶಪಥವನ್ನೇ ಮಾಡಿದ್ದಾರೆ. ಅವರ ಕಳಕಳಿ ನಮಗೆ ಅರ್ಥವಾಗುತ್ತದೆ. ಆದರೆ ಯುದ್ಧದ ಆಟಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದೂ, ಅವುಗಳಲ್ಲಿ ಒಂದು ಜಾತಿಯು ನಮ್ಮ ಮನೆಗಳಿಗೆ ಬಂದರೆ ಹಾನಿಗಿಂತ ಲಾಭವೇ ಹೆಚ್ಚೆಂದೂ, ಅದು ಕನ್ನಡದಲ್ಲಿಯೇ ಬರಲು ದಾರಿ ತೆರೆದಿದೆಯೆಂದೂ ಈ ತಿಂಗಳು ವಾಚಕರ ಮುಂದೆ ಇಡಬಯಸುತ್ತೇವೆ.

ಯುದ್ಧದ ಆಟಗಳಲ್ಲಿ ಎರಡು ಬಗೆ. ಒಂದರಲ್ಲಿ ಗೆಲ್ಲುವುದು ಬೆರಳಿನ ವೇಗ. ಎವೆಯಿಕ್ಕಿದರೆ ಸತ್ತಂತೆ. ಇಂಥ ಆಟದಲ್ಲಿ ಮುಳುಗಿದ ಮಗು ತಾಯಿಯ ಕರೆಗೆ ಓಗೊಡದಿದ್ದರೆ ಅದು ಉದ್ಧಟತನವಲ್ಲ, ಓಗೊಡಲು ಆ ಆಟ ಬಿಡುವುದೇ ಇಲ್ಲ. ಇನ್ನೊಂದು ಬಗೆಯಲ್ಲಿ ಒಬ್ಬನು ನಡೆಸಿ ಮುಗಿಸುವವರೆಗೆ ಇನ್ನೊಬ್ಬನು ಕಾಯುತ್ತಾನೆ. ಒಂದು ಗಳಿಗೆ ಯೋಚಿಸಿದರೂ ಸರಿ, ಒಂದು ತಾಸು ಯೋಚಿಸಿದರೂ ಸರಿ, ನಡುವೆ ಎದ್ದು ಹೋಗಿ ಅಂಗಡಿಯಿಂದ ಸಕ್ಕರೆ ತಂದರೂ ಸರಿ, ಆಟ ಇದ್ದಲ್ಲಿಯೇ ಇರುತ್ತದೆ. ಇದಕ್ಕೆ ‘ಸರದಿಯ ಆಟ’ ಎನ್ನಬಹುದು. ನಮಗೆ ‘ಪಾಳಿಯ ಆಟ’ ಎನ್ನುವುದೇ ಹಿತ. ಪಾಳಿಯೆಂದರೇನೆಂದು ಇಚಲಕರಂಜಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ; ಹಗಲ ಪಾಳಿಯವನು ಮಗ್ಗ ಬಿಟ್ಟೆದ್ದಾಗ ರಾತ್ರಿ ಪಾಳಿಯವನು ಬಂದು ಅದೇ ಹಾಸನ್ನು ಮುಂದುವರಿಸುತ್ತಾನೆ.

ಈ ಎರಡನೆಯ ಬಗೆ ನಮಗೆ ಹೊಸದಲ್ಲ. ಚದುರಂಗವೆಂಬ ಹೆಸರಿನಲ್ಲಿಯೇ ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿವೆ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳ ಭಾಗವಿದ್ದು, ಅದರಲ್ಲಿ ಚದುರಂಗದ ವಿವರವೂ ಇದೆ. ಆ ಕಾಲಕ್ಕೆ ಕೊಲ್ಹಾಪುರದ ಶಿಲಾಹಾರರು ಆ ಚಾಲುಕ್ಯರ ಸಾಮಂತರೇ ಆಗಿದ್ದರು. ಈ ನೆಲದಲ್ಲಿ ಅವರ ಕನ್ನಡ ಶಾಸನಗಳು ನಿಂತಿವೆ. ಅದಕ್ಕೂ ನೂರು ವರ್ಷ ಮೊದಲು ಅಲ್‌ಬಿರೂನಿಯು ಭಾರತದಲ್ಲಿ ನಾಲ್ವರು ಕೂಡಿ ದಾಳ ಉರುಳಿಸಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ಯುದ್ಧದಲ್ಲಿ ಬುದ್ಧಿಯಷ್ಟೇ ಅಲ್ಲ, ದೈವವೂ ಇದೆಯೆಂದು ಹಿರಿಯರು ಬಲ್ಲವರಾಗಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಮಾತನ್ನು ಎತ್ತಿದರೆ ಅದೇ ಒಂದು ಲೇಖನವಾದೀತು. ಕುದುರೆಯು ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟಿ ಹಾಸನ್ನೆಲ್ಲ ಸುತ್ತಿ ಬರುವ ಲೆಕ್ಕಗಳಲ್ಲಿ ಅವರು ಮುಳುಗಿದ್ದರೆಂದೂ, ಹೊಸ ಹೊಸ ಆಟಗಳನ್ನು ತಾವೇ ಕಟ್ಟಿದರೆಂದೂ ಹೇಳಿದರೆ ಇಲ್ಲಿಗೆ ಸಾಕು. ನಮ್ಮ ನೆರೆಯ ಸಾಂಗಲಿಯಲ್ಲಿ 1941ರಲ್ಲಿ ಹುಟ್ಟಿದ ನೂತನ ಬುದ್ಧಿಬಳ ಮಂಡಳವು ಭಾವೂಸಾಹೇಬ ಪಡಸಲಗೀಕರರ ದುಡಿಮೆಯಿಂದ ಆ ಊರಿಗೆ ಚದುರಂಗದ ತವರೆಂಬ ಹೆಸರನ್ನೇ ತಂದುಕೊಟ್ಟಿತು. ಕನ್ನಡದ ಚದುರಂಗ ಸೇನೆಯನ್ನು ಎಣಿಸಿದರೆ ಮರಾಠಿಯ ಬುದ್ಧಿಬಳ ಸೇನಾಪತಿಯ ತಲೆಯನ್ನು ಎಣಿಸುತ್ತದೆ. ಎರಡೂ ಹೆಸರು ಬಲ್ಲ ನಮ್ಮ ಮಕ್ಕಳು ಭಾಗ್ಯವಂತರು.

ಚದುರಂಗಕ್ಕಿಂತ ಬಡವರ ಆಟ ಹುಲಿ-ಕುರಿ. ಅದಕ್ಕೆ ಹಾಸೂ ಬೇಡ, ಕಟ್ಟೆಯ ಮೇಲೆ ಗೀರಿದ ಗೆರೆ ಸಾಕು. ಹಂಪಿಯ ಗುಡಿಗಳ ಹಾಸುಗಲ್ಲುಗಳ ಮೇಲೆ ಇಂಥ ಮನೆಗಳು ಇಂದಿಗೂ ಕಾಣುತ್ತವೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕೊಲ್ಲಬಲ್ಲುದು, ಕುರಿ ಕೊಲ್ಲಲಾರದು. ಆದರೂ ಕುರಿಗಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತರೆ ಹುಲಿಗೆ ದಾರಿಯೇ ಇಲ್ಲದಂತಾಗುತ್ತದೆ. ಸಮಬಲರಲ್ಲದವರ ಯುದ್ಧವನ್ನು ಇಷ್ಟು ಅಗ್ಗವಾಗಿ ಕಲಿಸುವ ಪಾಠ ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ಗಣಕಯಂತ್ರಕ್ಕೆ ಬರೋಣ. ಅದು ಪರದೇಶದ ವಸ್ತುವೆಂದು ಅಂಜುವ ಹಿರಿಯರಿಗೆ ಒಂದು ಮಾತು. 1804ರಲ್ಲಿ ಫ್ರಾನ್ಸಿನ ಜಕಾರ್ಡನು ತೂತು ಕೊರೆದ ರಟ್ಟುಗಳಿಂದ ಮಗ್ಗಕ್ಕೆ ಚಿತ್ತಾರವನ್ನು ಹೇಳಿಕೊಟ್ಟನು. ಅದನ್ನು ಕಂಡು ಇಂಗ್ಲೆಂಡಿನ ಬ್ಯಾಬೇಜನು ಅಂಥವೇ ರಟ್ಟುಗಳಿಂದ ಲೆಕ್ಕ ಮಾಡುವ ಯಂತ್ರವನ್ನು ಯೋಜಿಸಿದನು. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ತಂದ ಇಚಲಕರಂಜಿಯಲ್ಲಿ ಗಣಕವನ್ನು ಮಗ್ಗದ ಮೊಮ್ಮಗನೆಂದೇ ಕರೆಯಬೇಕು.

ಗಣಕದ ಮೇಲಿನ ಪಾಳಿಯ ಯುದ್ಧದಾಟಗಳಲ್ಲಿ ಒಳ್ಳೆಯವು ಹಲವು ದೊಡ್ಡ ಕಾರಖಾನೆಗಳಿಂದ ಬಂದವಲ್ಲ. ಒಬ್ಬಿಬ್ಬರು ತಮ್ಮ ಹುಚ್ಚಿನಿಂದ ಮಾಡಿದವು. ಅಮೇರಿಕೆಯ ಕ್ರಿಸ್ ಕ್ರಾಫರ್ಡ್ ಎಂಬವರು ಅಟಾರಿ ಕಂಪನಿಯ ನೌಕರರಾಗಿದ್ದು, ತಮ್ಮ ಬಿಡುವಿನ ವೇಳೆಯಲ್ಲಿ ಜರ್ಮನಿ-ರಷ್ಯಾ ಯುದ್ಧದ ಆಟವೊಂದನ್ನು ಬರೆದರು. ಕಂಪನಿಯು 1981ರಲ್ಲಿ ಅದನ್ನು ತನ್ನ ಮುಖ್ಯ ಸರಕಿನಲ್ಲಿ ಸೇರಿಸದೆ, ಹವ್ಯಾಸಿಗಳ ಕೃತಿಗಳನ್ನು ಅಂಚೆಯಲ್ಲಿ ಮಾರುವ ಪಟ್ಟಿಯಲ್ಲಿ ಹಾಕಿತು; ಅದರ ಅರವತ್ತು ಸಾವಿರಕ್ಕೂ ಮಿಕ್ಕಿ ಪ್ರತಿಗಳು ಮಾರಿದವು.

ನಾವು ವಾಚಕರಿಗೆ ವಿಶೇಷವಾಗಿ ಪರಿಚಯಿಸಬಯಸುವ ಆಟ ಇನ್ನೊಂದು. ಹೆಸರು ‘ಬ್ಯಾಟಲ್ ಫಾರ್ ವೆಸ್ನಾತ್’, ಅಂದರೆ ವೆಸ್ನಾತ್ ರಾಜ್ಯಕ್ಕಾಗಿ ಕದನ. 2003ರಲ್ಲಿ ಡೇವಿಡ್ ವೈಟ್ ಎಂಬವರು ಇದನ್ನು ಒಬ್ಬರೇ ಆರಂಭಿಸಿದರು. ತಾನು ಬರೆದುದನ್ನು ಯಾರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ಕರಾರಿನೊಂದಿಗೆ ಅದನ್ನು ಬಿಟ್ಟುಕೊಟ್ಟರು. ಚಿತ್ರ ಬರೆಯುವವರು ಚಿತ್ರ ಕೊಟ್ಟರು, ಸಂಗೀತ ಬಲ್ಲವರು ಸಂಗೀತ ಕೊಟ್ಟರು, ಕಥೆ ಕಟ್ಟುವವರು ಕಥೆ ಕೊಟ್ಟರು. 2005ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಇಪ್ಪತ್ತು ವರ್ಷ ಕಳೆದರೂ ಕೆಲಸ ನಡೆದೇ ಇದೆ. ಊರ ಜಾತ್ರೆಯ ತೇರಿಗೆ ಒಬ್ಬನು ಹಗ್ಗ, ಒಬ್ಬನು ಹೂವು, ಒಬ್ಬನು ಎಣ್ಣೆ ಕೊಟ್ಟಂತೆ.

ಆಟದ ನೆಲವು ಜೇನುಗೂಡಿನಂತೆ ಆರು ಮೂಲೆಯ ಮನೆಗಳಿಂದ ಕೂಡಿದೆ. ಒಂದು ಮನೆಯಲ್ಲಿ ಬಯಲು, ಇನ್ನೊಂದರಲ್ಲಿ ಕಾಡು, ಮತ್ತೊಂದರಲ್ಲಿ ಗುಡ್ಡ, ಹಳ್ಳ, ಕೋಟೆ, ಹಳ್ಳಿ. ಚದುರಂಗದಲ್ಲಿ ಎಲ್ಲ ಮನೆಗಳೂ ಒಂದೇ. ಇಲ್ಲಿ ನೆಲವೇ ಅರ್ಧ ಸೈನ್ಯ. ಸಾಮಾನ್ಯ ಈಟಿಗಾರನೊಬ್ಬ ಬಯಲಿನಲ್ಲಿ ನಿಂತರೆ ಶತ್ರುವಿನ ನೂರು ಏಟಿನಲ್ಲಿ ಅರವತ್ತು ತಾಕುತ್ತವೆ. ಅವನೇ ಬೆಟ್ಟದ ಮೇಲೋ ಕೋಟೆಯಲ್ಲೋ ನಿಂತರೆ ನಲವತ್ತು. ನೀರಿನಲ್ಲಿ ಸಿಕ್ಕಿಬಿದ್ದರೆ ಎಂಬತ್ತು. ಕಾಲವೂ ಹಾಗೆಯೇ. ಬೆಳಗಿನ ಜಾವ, ಮುಂಜಾನೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಯಾಮ ಎಂದು ಆರು ಪಾಳಿಗೆ ಒಂದು ದಿನ. ಧರ್ಮದ ಪಕ್ಷದವರ ಏಟಿಗೆ ಹಗಲಿನಲ್ಲಿ ನಾಲ್ಕನೆಯ ಒಂದು ಪಾಲು ಬಲ ಹೆಚ್ಚು, ರಾತ್ರಿ ಅಷ್ಟೇ ಕಡಿಮೆ; ಕತ್ತಲೆಯವರಿಗೆ ಇದರ ತಿರುಗುಮುರುಗು. ಆದಕಾರಣ ಮಧ್ಯಾಹ್ನ ಮುಂದುವರಿದು, ಸಂಜೆಗೆ ಹಿಂದೆ ಸರಿದು, ಹಳ್ಳಿಯಲ್ಲಿ ತಂಗಿ ಗಾಯ ಮಾಯಿಸಿಕೊಂಡು, ಬೆಳಗಾದ ಮೇಲೆ ಮತ್ತೆ ಏರಿಹೋಗಬೇಕು. ಹಿಂದೆ ಸರಿಯುವುದು ಹೇಡಿತನವಲ್ಲ, ಅದೂ ಒಂದು ನಡೆ. ಈ ಒಂದು ಅರಿವು ಹತ್ತು ವರ್ಷದ ಹುಡುಗನಿಗೆ ಬಂದರೆ ಸಣ್ಣದೇನಲ್ಲ.

ಇನ್ನೊಂದು ನಿಯಮವುಂಟು. ಪ್ರತಿಯೊಬ್ಬ ಸೈನಿಕನೂ ತನ್ನ ಸುತ್ತಲಿನ ಆರು ಮನೆಗಳಿಗೆ ಕಾವಲು ಇದ್ದಂತೆ. ಶತ್ರು ಅಲ್ಲಿ ಕಾಲಿಟ್ಟೊಡನೆ ನಿಲ್ಲಬೇಕು, ಓಡಿ ದಾಟಿಹೋಗುವಂತಿಲ್ಲ. ಇದನ್ನು ಓದಿದೊಡನೆ ನಮ್ಮ ಮನಸ್ಸು ಪನ್ಹಾಳಗಡಕ್ಕೆ ಹಾರಿತು. 1660ರ ಮಾರ್ಚಿನಿಂದ ಸಿದ್ದಿ ಜೋಹರನು ಆ ಗಡವನ್ನು ಮುತ್ತಿದ್ದನು. ಜುಲೈ ತಿಂಗಳ ಧಾರಾಕಾರ ಮಳೆಯಲ್ಲಿ, ರಾತ್ರಿಯ ಹೊತ್ತು, ಶಿವಾಜಿ ಮಹಾರಾಜರು ಸುಮಾರು ಆರುನೂರು ಜನರೊಂದಿಗೆ ಇಳಿದು ವಿಶಾಳಗಡದ ದಾರಿ ಹಿಡಿದರು. ಬೆನ್ನಟ್ಟಿ ಬಂದ ಸೈನ್ಯವನ್ನು ಘೋಡಖಿಂಡಿಯ ಇಕ್ಕಟ್ಟಿನಲ್ಲಿ ಬಾಜೀಪ್ರಭು ದೇಶಪಾಂಡೆಯವರು ಸುಮಾರು ಮುನ್ನೂರು ಜನರೊಂದಿಗೆ ತಡೆದು ನಿಂತರು. ವಿಶಾಳಗಡದಿಂದ ತೋಪಿನ ಸದ್ದು ಕೇಳುವವರೆಗೂ ದಾರಿ ಬಿಡಲಿಲ್ಲ. ಮಳೆ, ಕತ್ತಲೆ, ಇಕ್ಕಟ್ಟಿನ ಖಿಂಡಿ, ಕಾಯಬೇಕಾದ ನಿಶ್ಚಿತ ಕಾಲ: ಪಾಳಿಯ ಆಟಕ್ಕೆ ಇದಕ್ಕಿಂತ ಹೇಳಿಮಾಡಿಸಿದ ಪ್ರಸಂಗ ಬೇರೆ ಬೇಕೆ? ಬಯಲಿನಲ್ಲಿ ಒಬ್ಬನನ್ನು ಆರು ಮಂದಿ ಸುತ್ತುವರಿಯಬಲ್ಲರು. ಎರಡೂ ಕಡೆ ಬಂಡೆಯಿದ್ದರೆ ಎದುರಿಗೆ ನಿಲ್ಲುವವರು ಇಬ್ಬರೋ ಮೂವರೋ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ಬಾಜೀಪ್ರಭುಗಳ ಶೌರ್ಯ ತಿಳಿದಿರುತ್ತದೆ. ಅವರು ಆ ಜಾಗವನ್ನೇ ಏಕೆ ಆರಿಸಿದರೆಂಬುದು ನಕ್ಷೆಯ ಮೇಲೆ ಕಾಯಿ ನಡೆಸಿದಾಗಲೇ ತಿಳಿಯುವುದು.

ಗಡಹಿಂಗ್ಲಜ ತಾಲೂಕಿನ ನೇಸರಿಯ ಪ್ರಸಂಗ ಇದಕ್ಕೆ ವಿರುದ್ಧವಾದುದು. 1673ರಲ್ಲಿ ಜತ್ತ ಸೀಮೆಯ ಉಮರಾಣಿಯಲ್ಲಿ ಸೇನಾಪತಿ ಪ್ರತಾಪರಾವ ಗುಜರರು ಬಹಲೋಲಖಾನನ ಸೈನ್ಯಕ್ಕೆ ನೀರಿನ ಆಸರೆಯನ್ನು ತಪ್ಪಿಸಿ ಅವನನ್ನು ಮಣಿಸಿದರು. ಅದು ಒಬ್ಬ ಒಳ್ಳೆಯ ಆಟಗಾರನ ನಡೆ. ಬಳಿಕ ಅವನನ್ನು ಬಿಟ್ಟುಕೊಟ್ಟುದಕ್ಕಾಗಿ ಮಹಾರಾಜರಿಂದ ಕಟುವಾದ ಮಾತು ಕೇಳಬೇಕಾಯಿತು. 1674ರ ಫೆಬ್ರುವರಿ 24ರಂದು ಅದೇ ಖಾನನ ಸೈನ್ಯವನ್ನು ನೇಸರಿಯ ಬಳಿ ಕಂಡಾಗ, ತಮ್ಮ ದಂಡು ಬರುವುದನ್ನೂ ಕಾಯದೆ ಆರು ಮಂದಿ ಸವಾರರೊಡನೆ ನುಗ್ಗಿದರು. ಏಳೂ ಜನರು ಮಡಿದರು. ಕುಸುಮಾಗ್ರಜರ ಕವಿತೆಯಿಂದಾಗಿ ಈ ಕಥೆಯನ್ನು ಅರಿಯದ ಮನೆ ಈ ಸೀಮೆಯಲ್ಲಿಲ್ಲ. ಈಗ ಇದನ್ನು ಆಟದ ಲೆಕ್ಕಕ್ಕೆ ಒಡ್ಡಿದರೆ ಏನಾಗುತ್ತದೆ? ಗಣಕವು ಮುಖ ನೋಡದೆ ಹೇಳುತ್ತದೆ: ಈ ನಡೆ ತಪ್ಪು. ಸೇನಾಪತಿಯನ್ನು ಕಳೆದುಕೊಂಡ ಪಕ್ಷ ಮುಂದಿನ ಪ್ರಸಂಗಕ್ಕೆ ಬಡವಾಗಿ ಹೋಗುತ್ತದೆ. ವೆಸ್ನಾತಿನಲ್ಲಿ ಅನುಭವ ಗಳಿಸಿ ಮೇಲೇರಿದ ಸೈನಿಕ ಒಮ್ಮೆ ಸತ್ತರೆ ಮತ್ತೆ ಬರುವುದಿಲ್ಲ. ಹೊಸಬನನ್ನು ಭರ್ತಿ ಮಾಡಿಕೊಂಡು ಮೊದಲಿನಿಂದ ಬೆಳೆಸಬೇಕು.

ಆದರೆ ಒಡೆಯನ ಮಾತಿನಿಂದ ನೊಂದ ಮನುಷ್ಯನ ಎದೆಯೊಳಗೆ ಆ ದಿನ ಏನು ಉರಿಯುತ್ತಿತ್ತೆಂಬುದಕ್ಕೆ ಆರು ಮೂಲೆಯ ಮನೆಗಳಲ್ಲಿ ಜಾಗವಿಲ್ಲ. ಆಟದ ಮಿತಿ ಇದು. ಇದನ್ನು ಮಕ್ಕಳಿಗೆ ತೋರಿಸಿಕೊಡುವುದು ಹಿರಿಯರ ಕೆಲಸ. ಹಾಗೆಯೇ ಆಟದಲ್ಲಿ ಹಳ್ಳಿಯೆಂದರೆ ಹಣ ಬರುವ ಒಂದು ಮನೆ; ನಿಜವಾದ ಯುದ್ಧದಲ್ಲಿ ಹಳ್ಳಿಯೆಂದರೆ ಸುಟ್ಟ ಕಣ, ಅಡವಿ ಪಾಲಾದ ಹೆಂಗಸರು ಮಕ್ಕಳು. ದಂಡುಗಳು ಮೇಲಿಂದ ಮೇಲೆ ದಾಟಿಹೋದ ಗಡಿಸೀಮೆಯವರಾದ ನಮಗೆ ಇದು ಹೆಚ್ಚು ಅರಿವಾಗಬೇಕು. ಯುದ್ಧದ ಆಟವೇ ಬೇಡವೆನ್ನುವ ತಾಯಂದಿರ ಮಾತಿನಲ್ಲಿ ತಥ್ಯವಿರುವುದು ಇಲ್ಲಿಯೇ. ಅದಕ್ಕೆ ಆಟವನ್ನು ಕಸಿದುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಕುಳಿತು ಆ ಹಳ್ಳಿಯಲ್ಲಿ ಯಾರಿದ್ದರೆಂದು ಕೇಳುವುದೇ ಲೇಸೆಂದು ನಮಗೆ ತೋರುತ್ತದೆ. ಪಾಳಿಯ ಆಟವಾದುದರಿಂದ ಕೇಳಲು ಸಮಯವೂ ಇದೆ.

ಒಂದು ಚೇಷ್ಟೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಗಣಕದಲ್ಲಿ ಆಟವನ್ನು ಇದ್ದ ಸ್ಥಿತಿಯಲ್ಲಿ ಕಾದಿರಿಸಿ ಮತ್ತೆ ಅಲ್ಲಿಂದಲೇ ಆರಂಭಿಸಬಹುದು. ದೈವ ಕೈಕೊಟ್ಟಾಗಲೆಲ್ಲ ಹುಡುಗರು ಹಿಂದಿನ ಪಾಳಿಗೆ ಓಡಿಹೋಗಿ ಮತ್ತೆ ಅದೃಷ್ಟ ಪರೀಕ್ಷಿಸುತ್ತಾರೆ. ಇದು ಪಗಡೆಯಲ್ಲಿ ಗರ ಬೀಳದಾಗ ಕವಡೆಯನ್ನು ಮತ್ತೆ ಮತ್ತೆ ಎಸೆದಂತೆ. ಅಜ್ಜ ಎದುರಿಗಿದ್ದರೆ ಈ ಚೇಷ್ಟೆ ನಡೆಯದು. ಒಂದೇ ಗಣಕದ ಮುಂದೆ ಇಬ್ಬರು ಕುಳಿತು ಪಾಳಿಯಂತೆ ಆಡುವ ಅನುಕೂಲ ಈ ಆಟದಲ್ಲಿರುವುದರಿಂದ ಅಜ್ಜ-ಮೊಮ್ಮಗ ಎದುರಾಳಿಗಳಾಗಬಹುದು.

ಈಗ ಭಾಷೆಯ ಮಾತು. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ನಮ್ಮ ಮಕ್ಕಳಿಗೆ ಶಾಲೆ ಮರಾಠಿಯದೋ ಇಂಗ್ಲಿಷಿನದೋ, ಪೇಟೆ ಮರಾಠಿಯದು, ಮೊಬೈಲು ಇಂಗ್ಲಿಷಿನದು. ಕನ್ನಡಕ್ಕೆ ಉಳಿದದ್ದು ಅಡಿಗೆಮನೆ ಮತ್ತು ಆಟ. ಹುಲಿ-ಕುರಿ ಆಡುವಾಗ ‘ಕಟ್ಟು’, ‘ಹಾರು’, ‘ದಾರಿ ಬಿಡು’, ‘ಸಿಕ್ಕಿಬಿದ್ದಿ ನೋಡು’ ಎಂಬ ಮಾತುಗಳು ತಾವಾಗಿಯೇ ಬರುತ್ತಿದ್ದವು. ಆಟ ಹೋದೊಡನೆ ಆ ಮಾತುಗಳಿಗೂ ಕೆಲಸ ತಪ್ಪಿತು. ಕ್ರಿಯಾಪದಗಳು ಹೋದ ಭಾಷೆ ಬರಿಯ ಪದಾರ್ಥಗಳ ಪಟ್ಟಿಯಾಗಿ ಉಳಿಯುತ್ತದೆ: ಅನ್ನ, ಸಾರು, ಚಟ್ನಿ.

ವೆಸ್ನಾತಿನಂಥ ಆಟಗಳು ಇಲ್ಲಿಯೇ ಬೇರೆಯಾಗುವುದು. ದೊಡ್ಡ ಕಂಪನಿಯ ಆಟವನ್ನು ಕನ್ನಡಕ್ಕೆ ತರಬೇಕಾದರೆ ಕಂಪನಿಯ ಮನಸ್ಸು ಬರಬೇಕು, ಅದಕ್ಕೆ ಲಾಭ ಕಾಣಬೇಕು. ಇದರಲ್ಲಿ ಹಾಗಿಲ್ಲ. ಆಟದಲ್ಲಿ ಬರುವ ಮಾತುಗಳೆಲ್ಲವನ್ನೂ ಬೇರೆ ಕಡತಗಳಲ್ಲಿ ಸಾಲು ಸಾಲಾಗಿ ಬರೆದಿಟ್ಟಿರುತ್ತಾರೆ: ಮೇಲೆ ಮೂಲದ ಸಾಲು, ಕೆಳಗೆ ಅನುವಾದಕ್ಕಾಗಿ ಬರಿದಾದ ಸಾಲು. ಯಾರಿಗೆ ಬೇಕೋ ಅವರು ತುಂಬಬಹುದು. ಹೀಗೆ ಹತ್ತಾರು ಭಾಷೆಗಳಿಗೆ ಅನುವಾದ ನಡೆದಿದೆ. ಅವುಗಳಲ್ಲಿ ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಎರಡೂ ಬದಿಯಲ್ಲಿ ಹಂಚಿಹೋಗಿರುವ ಜನರ ಬಾಸ್ಕ್ ಭಾಷೆಯಿದೆ. ಸ್ಪೇನಿನ ಗ್ಯಾಲಿಷಿಯನ್ ಇದೆ. ಸ್ಕಾಟ್ಲೆಂಡಿನ ಗೇಲಿಕ್ ಇದೆ. ಬಾಸ್ಕ್ ಆಡುವವರನ್ನೂ ಗೇಲಿಕ್ ಆಡುವವರನ್ನೂ ಕೂಡಿಸಿದರೂ ಬೆಳಗಾವಿ ಜಿಲ್ಲೆಯೊಂದರ ಜನಸಂಖ್ಯೆಗೆ ಸಮವಾಗುವುದಿಲ್ಲ. ಆದರೂ ಅವರ ಮಕ್ಕಳು ತಮ್ಮ ನುಡಿಯಲ್ಲಿ ‘ಈಗ ನಿನ್ನ ಪಾಳಿ’ ಎಂಬುದನ್ನು ಪರದೆಯ ಮೇಲೆ ಓದಬಲ್ಲರು.

ಅನುವಾದವು ಸುಲಭವೆಂದು ನಾವು ಹೇಳುವುದಿಲ್ಲ. ಸಾವಿರಾರು ಸಾಲುಗಳಿವೆ. ಅವರ ಪುರಾಣದ ಕಿವಿ ಚೂಪಾದ ಅಡವಿವಾಸಿಗಳನ್ನು ಯಕ್ಷರೆನ್ನಬೇಕೋ, ಕಿನ್ನರರೆನ್ನಬೇಕೋ? ಯಕ್ಷಗಾನ ಬಲ್ಲ ಕರಾವಳಿಯವರು ಒಂದು ಹೇಳಿದರೆ, ನಮ್ಮ ಕಡೆಯ ಪಾರಿಜಾತದವರು ಇನ್ನೊಂದು ಹೇಳಿಯಾರು. ಕುರೂಪಿಗಳಾದ ರಾತ್ರಿಯ ಯೋಧರಿಗೆ ‘ರಕ್ಕಸ’ ಎಂಬ ಪದ ಸಿದ್ಧವಾಗಿಯೇ ಇದೆ. ಎಲುಬಿನ ಗೂಡುಗಳು ಎದ್ದು ಬಂದು ಕಾದುತ್ತವೆ. ಅವಕ್ಕೆ ಈಟಿ ಅಷ್ಟಾಗಿ ನಾಟುವುದಿಲ್ಲ, ದೊಣ್ಣೆಯೇಟೇ ಬೇಕು, ಇಲ್ಲವೇ ಬೆಂಕಿ. ಚುಚ್ಚು, ಕಡಿ, ಜಜ್ಜು, ಸುಡು ಎಂದು ಏಟಿನ ಬಗೆಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ನಮ್ಮ ಹಳ್ಳಿಯ ಅಜ್ಜಿಯರನ್ನು ಕೇಳಿದರೆ ಒಂದಕ್ಕೆ ನಾಲ್ಕು ಪದ ಕೊಟ್ಟಾರು, ನಿಘಂಟು ಹುಡುಕಬೇಕಾಗಿಲ್ಲ. ಕಾಲೇಜಿಗೆ ಹೋಗುವ ಮಕ್ಕಳು ಗಣಕದ ಮುಂದೆ ಕುಳಿತು, ಅಜ್ಜಿ ಹೇಳಿದುದನ್ನು ಬೆರಳಚ್ಚು ಮಾಡಬಹುದು. ಕನ್ನಡ ಬರವಣಿಗೆ ಬಾರದ ಮಗುವಿಗೂ ಹೀಗೆ ಅಕ್ಷರ ತಿದ್ದಿದಂತಾದೀತು.

ಖರ್ಚಿನ ವಿಚಾರ ಎರಡು ಮಾತಿನಲ್ಲಿ ಮುಗಿಯುತ್ತದೆ. ಗಣಕದ ಮೇಲೆ ಈ ಆಟ ಉಚಿತ. ಸಾಧಾರಣ ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡ ಮೇಲೆ ಒಬ್ಬರೇ ಆಡಲು ಇಂಟರ್ನೆಟ್ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದುದು ವಾಚಕರಿಗೆ ತಿಳಿದಿರಬಹುದು. ಆ ಜೂಜಿಗೂ ಇದಕ್ಕೂ ಸಂಬಂಧವಿಲ್ಲ.

ಗಣಕವಿಲ್ಲದ ಮನೆಯವರೂ ನಿರಾಶರಾಗಬೇಕಾಗಿಲ್ಲ. ಒಂದು ದೊಡ್ಡ ಹಾಳೆಯ ಮೇಲೆ ಜೇನುಗೂಡಿನ ಮನೆಗಳನ್ನು ಗೀರಿ, ಒಂದು ತುದಿಗೆ ಪನ್ಹಾಳಗಡ, ಇನ್ನೊಂದು ತುದಿಗೆ ವಿಶಾಳಗಡ, ನಡುವೆ ಖಿಂಡಿಯನ್ನು ಬರೆಯಿರಿ. ಜೋಳದ ಕಾಳು ಮಹಾರಾಜರ ಕಡೆಯವರು, ಹುಣಸೆಬೀಜ ಸಿದ್ದಿಯ ಕಡೆಯವರು. ಹುಣಸೆಬೀಜ ನಾಲ್ಕು ಪಾಲು ಹೆಚ್ಚಿರಲಿ. ಬಯಲಿನಲ್ಲಿ ದಾಳ ಮೂರು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಏಟು ತಾಕಿತು. ಖಿಂಡಿಯಲ್ಲಿ ನಿಂತವನಿಗೆ ಐದೋ ಆರೋ ಬೀಳಬೇಕು. ಎದುರಾಳಿಯ ಪಕ್ಕದ ಮನೆಗೆ ಬಂದವನು ಅಲ್ಲಿಯೇ ನಿಲ್ಲಬೇಕು. ಮಹಾರಾಜರ ಕಾಳು ವಿಶಾಳಗಡ ಮುಟ್ಟಿದೊಡನೆ ಆಡುವವರಲ್ಲೊಬ್ಬರು ಬಾಯಿಂದ ತೋಪಿನ ಸದ್ದು ಮಾಡಬೇಕು. ಮಳೆಗಾಲವಾದುದರಿಂದ ಕುದುರೆಗೂ ಕಾಲಾಳಿಗೂ ಒಂದು ಪಾಳಿಗೆ ಒಂದೇ ಮನೆ. ಜಗಳ ಬಂದರೆ ತೀರ್ಪು ಅವ್ವನದು.